ಹಿಂದಿನದು ನೋಡು: ಒಬ್ಬ ಅಂಗಡಿಕಾರನ ಟಿಪ್ಪಣಿ ತೋಟ



ನಾನು ಪಂಡಿತನೂ ಅಲ್ಲ, ಲೇಖಕನೂ ಅಲ್ಲ. 1977ರಲ್ಲಿ ಜತ್ತದಲ್ಲಿ ಕನ್ನಡ ಮಾಧ್ಯಮದಿಂದ ಮ್ಯಾಟ್ರಿಕ್ ಪಾಸಾಗಿ, ತಂದೆಯವರ ಪಕ್ಕದಲ್ಲಿ ಕಾಳುಕಡಿ ಅಂಗಡಿಯ ಗಾದಿಯ ಮೇಲೆ ಕುಳಿತವನು ಇನ್ನೂ ಅಲ್ಲಿಂದ ಎದ್ದಿಲ್ಲ. ಆದರೆ ಒಂದು ಚಟ ಮೊದಲಿನಿಂದ ಇದೆ. ಕಂಡದ್ದು, ಕೇಳಿದ್ದು, ಓದಿದ್ದು ಏನಿದ್ದರೂ ಒಂದು ವಹಿಯಲ್ಲಿ ನಾಲ್ಕು ಸಾಲು ಬರೆದಿಡುವುದು. ಈ ಚಟ ನನಗೆ ತಂದೆಯವರಿಂದ ಬಂದದ್ದು.

ನಾಲ್ಕು ವರ್ಷಗಳ ಹಿಂದೆ ದೀಪಾವಳಿಗೆ ಮನೆ ಝಾಡಿಸುವಾಗ ಅಟ್ಟದ ಮೇಲಿನ ಟ್ರಂಕು ಕೆಳಗೆ ಬಂತು. ಅದರಲ್ಲಿ ತಂದೆಯವರ ಹಳೆಯ ವಹಿಗಳು, ಅವುಗಳ ಮೇಲೆ ನನ್ನ ಮೂವತ್ತೊಂದು ನೋಟುಬುಕ್ಕುಗಳು. ಸಾಂಗಲಿಯಲ್ಲಿ ಕಾಲೇಜು ಓದುವ ಮೊಮ್ಮಗಳು ರಜೆಗೆ ಬಂದಿದ್ದಳು. ಅವಳು ಕಲಿತದ್ದು ಮರಾಠಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಕನ್ನಡ ಮಾತು ಸರಾಗ, ಓದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ತಂದೆಯವರ ವಹಿಯೊಂದನ್ನು ತೆರೆದು ಅಂಚಿನಲ್ಲಿದ್ದ ಒಂದು ಸಾಲನ್ನು ಬೆರಳಿಟ್ಟು ಓದಿದಳು: "ಹಗೇವು ತೆಗೆದೆವು. ಒಳಗಿನ ಗಾಳಿ ಕೆಟ್ಟಿತ್ತು. ಹಿಂದಿನದು ನೋಡು."

"ಅಜ್ಜಾ, ಹಗೇವು ಅಂದ್ರೇನು? ಹಿಂದಿನದು ಅಂದ್ರ ಎಲ್ಲೈತಿ?" ಎಂದು ಕೇಳಿದಳು.

ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಕಣಜ ಎಂದು ಹೇಳಿದೆ. ಬಾಯಿ ಸಣ್ಣದು, ಒಳಗೆ ಅಗಲ, ಸುತ್ತಲೂ ಹುಲ್ಲಿನ ಹೊದಿಕೆ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಆದರೆ "ಹಿಂದಿನದು" ಎಲ್ಲಿದೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜ ಮೊಮ್ಮಗಳು ಕೂಡಿ ಮೂರು ದಿನ ಹುಡುಕಿದೆವು. ಸಿಗಲಿಲ್ಲ. ತಂದೆಯವರು ಎಲ್ಲೋ ಬರೆದಿದ್ದಾರೆ, ಬರೆದದ್ದು ಖಂಡಿತ. ಬರೆದದ್ದನ್ನು ತಲುಪುವ ದಾರಿ ಮಾತ್ರ ಅವರೊಂದಿಗೇ ಹೋಯಿತು. ನನ್ನ ಮೂವತ್ತೊಂದು ನೋಟುಬುಕ್ಕುಗಳ ಗತಿಯೂ ನಾಳೆ ಇದೇ ಅಲ್ಲವೇ ಎಂದು ಅಂದು ಮನಸ್ಸು ಮುದುಡಿತು.

ಆಗ ಮೊಮ್ಮಗಳು, ಇಂಥ ಟಿಪ್ಪಣಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಡುವವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ, ಅದನ್ನು ಡಿಜಿಟಲ್ ಗಾರ್ಡನ್ ಎನ್ನುತ್ತಾರೆ ಎಂದಳು. ನಾನು ಅದಕ್ಕೆ ಟಿಪ್ಪಣಿ ತೋಟ ಎಂದು ಹೆಸರಿಟ್ಟೆ. ಆ ತೋಟ ಬೆಳೆದ ಬಗೆ ಮತ್ತು ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪು, ಇವೆರಡನ್ನೂ ನಿಮ್ಮ ಮುಂದಿಡುತ್ತೇನೆ.

ಕಿರ್ದಿ ಬೇರೆ, ಖತಾವಣಿ ಬೇರೆ

ನಮ್ಮ ವಾಚಕರಲ್ಲಿ ವ್ಯಾಪಾರಿಗಳು ಬಹಳ. ಅವರಿಗೆ ಈ ವಿಷಯ ತಿಳಿಸಲು ಕಂಪ್ಯೂಟರಿನ ಭಾಷೆ ಬೇಕಿಲ್ಲ. ಕಿರ್ದಿಯಲ್ಲಿ ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿ ಬರೆಯುತ್ತೇವೆ. ಆದರೆ ಒಬ್ಬ ಗಿರಾಕಿಯ ಬಾಕಿ ಎಷ್ಟು ಎಂದು ಕಿರ್ದಿ ನೋಡಿ ಹೇಳಲಾಗದು. ಅದಕ್ಕೆ ಖತಾವಣಿ ಬೇಕು. ಕಿರ್ದಿಯ ಪ್ರತಿ ಬಾಬನ್ನೂ ಆಯಾ ಖಾತೆಗೆ ಏರಿಸಿ, ಖಾತೆಯ ಪಾನಿನ ಅಂಕಿಯನ್ನು ಕಿರ್ದಿಯಲ್ಲಿ, ಕಿರ್ದಿಯ ಅಂಕಿಯನ್ನು ಖಾತೆಯಲ್ಲಿ ಹಾಕುತ್ತೇವೆ. ಎರಡೂ ಕಡೆ ಗುರುತಿದ್ದರೆ ಇಪ್ಪತ್ತು ವರ್ಷದ ನಂತರವೂ ಹುಡುಕುವವನು ದಾರಿ ತಪ್ಪುವುದಿಲ್ಲ.

ನಮ್ಮ ದಿನಚರಿ, ನೋಟುಬುಕ್ಕು, ಈಗಿನ ವಾಟ್ಸಾಪ್ ಸಂದೇಶ, ಫೇಸ್‌ಬುಕ್ ಬರಹ ಎಲ್ಲವೂ ಕಿರ್ದಿ. ಇಂದಿನದು ಮೇಲೆ ಬರುತ್ತದೆ, ನಿನ್ನೆಯದು ಕೆಳಗೆ ಹೋಗುತ್ತದೆ, ಹೋದ ವರ್ಷದ್ದು ಸತ್ತಂತೆಯೇ. ಟಿಪ್ಪಣಿ ತೋಟ ಎಂದರೆ ಖತಾವಣಿ. ಅಲ್ಲಿ ದಿನಾಂಕ ಮುಖ್ಯವಲ್ಲ, ವಿಷಯ ಮುಖ್ಯ. "ಹಗೇವು" ಎಂಬುದು ಒಂದು ಖಾತೆ, "ಮಾಲದಂಡಿ ಜೋಳ" ಇನ್ನೊಂದು ಖಾತೆ, "1972ರ ಬರ" ಮತ್ತೊಂದು. ಹೊಸದು ತಿಳಿದಾಗಲೆಲ್ಲ ಹಳೆಯ ಖಾತೆಗೇ ಏರಿಸುವುದು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕುವುದು. ನಾನು ಐವತ್ತು ವರ್ಷ ಅಂಗಡಿಯ ಲೆಕ್ಕಕ್ಕೆ ಮಾಡಿದ್ದನ್ನು ನನ್ನ ತಿಳಿವಳಿಕೆಗೆ ಮಾಡಿರಲಿಲ್ಲ, ಅಷ್ಟೇ.

ಜರ್ಮನಿಯ ಪ್ರೊಫೆಸರರ ಚೀಟಿಪೆಟ್ಟಿಗೆ

ಈ ಪದ್ಧತಿ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಮೊಮ್ಮಗಳು ಮೊದಲು ತೋರಿಸಿದ್ದು ಜರ್ಮನಿಯ ನಿಕ್ಲಾಸ್ ಲೂಮನ್ ಎಂಬ ಸಮಾಜಶಾಸ್ತ್ರಜ್ಞರ ಚೀಟಿಪೆಟ್ಟಿಗೆಯನ್ನು. 1927ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡ ಅವರು ಮೊದಲು ಸರಕಾರಿ ನೌಕರರಾಗಿದ್ದವರು. 1950ರ ದಶಕದ ಆರಂಭದಿಂದ ಚಿಕ್ಕ ಚೀಟಿಗಳ ಮೇಲೆ ಒಂದು ಚೀಟಿಗೆ ಒಂದೇ ವಿಚಾರದಂತೆ ಬರೆದು ಮರದ ಪೆಟ್ಟಿಗೆಯಲ್ಲಿ ಇಡುತ್ತ ಬಂದರು. ಕೊನೆಗೆ ಆದ ಚೀಟಿಗಳು ಸುಮಾರು 90,000.

ಚೀಟಿಗೆ ಅಂಕಿ ಕೊಡುವ ಅವರ ಉಪಾಯ ನನಗೆ ಬಹಳ ಹಿಡಿಸಿತು. 57/12 ಎಂಬ ಚೀಟಿಯ ನಂತರ 57/13 ಇದೆ ಎಂದುಕೊಳ್ಳಿ. ನಡುವೆ ಹೊಸ ವಿಚಾರ ಹೊಳೆದರೆ ಅದಕ್ಕೆ 57/12ಎ ಎಂದು ಕೊಟ್ಟು ಅಲ್ಲೇ ಸೇರಿಸುವುದು. ಹೀಗೆ ಪೆಟ್ಟಿಗೆ ಎಲ್ಲಿ ಬೇಕಾದರೂ ಕವಲೊಡೆದು ಬೆಳೆಯಬಹುದು. ಚೀಟಿಯಲ್ಲಿ ಸಂಬಂಧಪಟ್ಟ ಬೇರೆ ಚೀಟಿಗಳ ಅಂಕಿಯನ್ನೂ ಬರೆಯುತ್ತಿದ್ದರು. ಅದು ನಮ್ಮ ಖಾತೆ ಪಾನೇ ಅಲ್ಲವೇ? ಈ ಪೆಟ್ಟಿಗೆಯ ಬಲದಿಂದ ಅವರು ಬರೆದದ್ದು ಐವತ್ತಕ್ಕೂ ಹೆಚ್ಚು ಪುಸ್ತಕಗಳು, ನೂರಾರು ಲೇಖನಗಳು.

1969ರಲ್ಲಿ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ವಿಭಾಗಕ್ಕೆ ಸೇರುವಾಗ ಅವರ ಸಂಶೋಧನೆಯ ವಿವರ ಕೇಳಿದರಂತೆ. ವಿಷಯ ಸಮಾಜದ ಸಿದ್ಧಾಂತ, ಅವಧಿ 30 ವರ್ಷ, ಖರ್ಚು ಏನೂ ಇಲ್ಲ ಎಂಬುದು ಅವರ ಉತ್ತರ. ಆ ಸಿದ್ಧಾಂತದ ದೊಡ್ಡ ಗ್ರಂಥ 1997ರಲ್ಲಿ ಹೊರಬಂತು. ಹೇಳಿದ ವಾಯಿದೆಗೆ ಸರಕು ಮುಟ್ಟಿಸಿದ ಇಂಥವರನ್ನು ಕಂಡರೆ ವ್ಯಾಪಾರಿಗೆ ಗೌರವ ಹುಟ್ಟದೆ ಇರದು. ಅವರ ಪೆಟ್ಟಿಗೆಯನ್ನು ವಿಶ್ವವಿದ್ಯಾಲಯ 2011ರಲ್ಲಿ ಪಡೆದುಕೊಂಡಿತು. 2019ರಿಂದ ಅದರ ಚೀಟಿಗಳನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು.

ತೋಟ ಎಂಬ ಹೆಸರು ಬಂದದ್ದು

ಬರಹಕ್ಕೆ ಬರಹ ಹೆಣೆಯುವ ಯಂತ್ರದ ಕನಸನ್ನು 1945ರಲ್ಲೇ ಅಮೆರಿಕದ ವಿಜ್ಞಾನಿ ವ್ಯಾನಿವರ್ ಬುಷ್ ಕಂಡಿದ್ದರು. ಓದಿದ್ದನ್ನೆಲ್ಲ ಸಣ್ಣ ಫಿಲ್ಮಿನಲ್ಲಿ ಸಂಗ್ರಹಿಸಿ, ಒಂದರಿಂದ ಒಂದಕ್ಕೆ ಜಾಡು ಹಾಕಿಡುವ ಮೇಜನ್ನು ಅವರು ವರ್ಣಿಸಿದರು. ಮೇಜು ತಯಾರಾಗಲಿಲ್ಲ, ವಿಚಾರ ಉಳಿಯಿತು. 1965ರಲ್ಲಿ ಟೆಡ್ ನೆಲ್ಸನ್ ಇಂಥ ಹೆಣೆದ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎಂದು ಹೆಸರು ಕೊಟ್ಟರು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ವೆಬ್ಬಿನ ಯೋಜನೆ ಮುಂದಿಟ್ಟರು. 1993ರಲ್ಲಿ ಆ ಸಂಸ್ಥೆ ಅದನ್ನು ಶುಲ್ಕವಿಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು.

1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದರು. ವಿಕಿ ಎಂದರೆ ಹವಾಯಿ ಭಾಷೆಯಲ್ಲಿ ಬೇಗ ಎಂದರ್ಥ. ಅದರಲ್ಲಿ ಒಂದು ಸೊಗಸಿತ್ತು. ಇನ್ನೂ ಬರೆಯದ ವಿಷಯಕ್ಕೂ ಕೊಂಡಿ ಹಾಕಬಹುದಿತ್ತು. ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿತ್ತು, ತಿಳಿದವರು ಬಂದು ತುಂಬಲಿ ಎಂದು. 1998ರಲ್ಲಿ ಮಾರ್ಕ್ ಬರ್ನ್‌ಸ್ಟೈನ್ ಇಂಥ ಬರಹವನ್ನು ತೋಟಕ್ಕೆ ಹೋಲಿಸಿ ಲೇಖನ ಬರೆದರು. 2015ರಲ್ಲಿ ಮೈಕ್ ಕಾಲ್‌ಫೀಲ್ಡ್ ಒಂದು ಭಾಷಣದಲ್ಲಿ ತೋಟ ಬೇರೆ, ಹರಿಯುವ ಹೊಳೆ ಬೇರೆ ಎಂದು ವಿವರಿಸಿದರು. ದಿನದಿನದ ಸುದ್ದಿ ಸಂದೇಶ ಹೊಳೆ, ಮತ್ತೆ ಮತ್ತೆ ಬಂದು ಕಳೆ ಕಿತ್ತು ನೀರುಣಿಸುವುದು ತೋಟ. ಆ ಮಾತು ಕೇಳಿ ನಾನು ಮೊಮ್ಮಗಳಿಗೆ, "ಇದು ನಮ್ಮ ಕಿರ್ದಿ ಖತಾವಣಿನೇ ಬಿಡವ್ವಾ" ಎಂದೆ.

ವಿಕಿಪೀಡಿಯ ಇರುವಾಗ ಇದೇಕೆ ಎಂದು ಕೆಲವರು ಕೇಳುತ್ತಾರೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಉಪಕಾರದ ಕೆಲಸ ಮಾಡುತ್ತಿದೆ. ಆದರೆ ಅಲ್ಲಿ ಅಚ್ಚಾದ ಆಧಾರವಿಲ್ಲದ ಮಾತಿಗೆ ಜಾಗವಿಲ್ಲ, ಇರಬಾರದು ಕೂಡ. ನನ್ನ ತಾಯಿ ಹೇಳಿದ ಮಾತು, ನಾನು ಕಣ್ಣಾರೆ ಕಂಡ ಹಗೇವು, ಗಡಿಭಾಗದ ನಮ್ಮ ಕನ್ನಡದಲ್ಲಿ ಮಾತ್ರ ಉಳಿದಿರುವ ಪದಗಳು ಎಲ್ಲಿ ಅಚ್ಚಾಗಿವೆ? ಅವು ನನ್ನ ಹೆಸರಿನಲ್ಲಿ, ನನ್ನ ಜವಾಬ್ದಾರಿಯಲ್ಲೇ ಇರಬೇಕು.

ಎಲ್ಲರಿಗೂ ಏಕೆ ತೆರೆದಿಡಬೇಕು?

ಮನೆಮಟ್ಟಿಗೆ ಇಟ್ಟುಕೊಂಡರೆ ಸಾಲದೇ ಎಂದು ಶ್ರೀಮತಿಯವರು ಕೇಳಿದರು. ಯೋಗ್ಯ ಪ್ರಶ್ನೆ. ಮೂಡುಬಿದಿರೆಯ ಧವಲಾ ಗ್ರಂಥಗಳ ಸಂಗತಿ ನಮ್ಮ ವಾಚಕರಿಗೆ ಗೊತ್ತು. ತಾಳೆಗರಿಯ ಆ ಪ್ರತಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಇದ್ದವು. ಪ್ರತಿ ಮಾಡುವ ಕೆಲಸ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಕಾಪಾಡಿದವರ ಉಪಕಾರ ದೊಡ್ಡದು, ತೆರೆದವರದೂ ಅಷ್ಟೇ ದೊಡ್ಡದು. ಹತ್ತನೆಯ ಶತಮಾನದಲ್ಲೇ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ನಾಡು ನಮ್ಮದು. ನನ್ನ ಹಗೇವಿನ ಟಿಪ್ಪಣಿಯನ್ನು ಅವುಗಳ ಸಾಲಿಗೆ ಇಡುವ ಹುಚ್ಚು ನನಗಿಲ್ಲ. ಮುಚ್ಚಿಟ್ಟ ಬರಹಕ್ಕೆ ಗೆದ್ದಲೊಂದೇ ಓದುಗ ಎಂಬಷ್ಟು ಮಾತ್ರ ಹೇಳುತ್ತೇನೆ.

ತೆರೆದಿಟ್ಟದ್ದರ ಫಲ ಎರಡನೆಯ ವರ್ಷ ಕಂಡಿತು. "ಹಗೇವು" ಟಿಪ್ಪಣಿಯ ಕೆಳಗೆ "ಹಿಂದಿನದು ನೋಡು" ಎಂಬ ತಂದೆಯವರ ಸಾಲನ್ನೇ ಒಂದು ಖಾಲಿ ಟಿಪ್ಪಣಿಗೆ ಕೊಂಡಿ ಮಾಡಿ, "ಇದು ನನಗೆ ಸಿಕ್ಕಿಲ್ಲ, ತಿಳಿದವರು ತಿಳಿಸಿರಿ" ಎಂದು ಬರೆದಿದ್ದೆ. ವಿಜಾಪುರ ಕಡೆಯ ಹಿರಿಯರೊಬ್ಬರು ಪತ್ರ ಕಳಿಸಿದರು. ತಮ್ಮ ಊರಲ್ಲಿ ಹಗೇವಿನ ಬಾಯಿ ತೆಗೆದ ಮೇಲೆ ತಾಸುಗಟ್ಟಲೆ ಹಾಗೇ ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರಿದರೆ ಯಾರನ್ನೂ ಇಳಿಸುತ್ತಿರಲಿಲ್ಲ ಎಂದು ತಿಳಿಸಿದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿ ಪ್ರಾಣವಾಯು ಕಡಿಮೆಯಾಗಿರುತ್ತದೆ. ತಿಳಿಯದೆ ಇಳಿದವರು ಜೀವ ಕಳೆದುಕೊಂಡದ್ದುಂಟು. ತಂದೆಯವರ "ಗಾಳಿ ಕೆಟ್ಟಿತ್ತು" ಎಂಬ ಮಾತಿನ ಹಿಂದೆ ಎಂಥ ಎಚ್ಚರವಿತ್ತು ಎಂಬುದು ನನಗೆ ಅರವತ್ತು ದಾಟಿದ ಮೇಲೆ, ಮುಖ ನೋಡದ ಒಬ್ಬರಿಂದ ತಿಳಿಯಿತು.

ತಿದ್ದಿದರೆ ಮರ್ಯಾದೆ ಹೋಗದು

ಅಳತೆಗಳ ಟಿಪ್ಪಣಿಯಲ್ಲಿ ನಾನು "ನಾಲ್ಕು ಸೇರಿಗೆ ಒಂದು ಪಾಯಲಿ, ಎಲ್ಲ ಕಡೆಯೂ ಹೀಗೆಯೇ" ಎಂದು ಠೀವಿಯಿಂದ ಬರೆದಿದ್ದೆ. ಅಕ್ಕಲಕೋಟೆ ಕಡೆಯ ಒಬ್ಬರು, ಸೇರು ಊರಿಂದೂರಿಗೆ ಹೆಚ್ಚುಕಡಿಮೆ ಇರುತ್ತಿತ್ತು, ಎಲ್ಲ ಕಡೆ ಎಂದು ಹೇಗೆ ಬರೆದಿರಿ ಎಂದು ಕೇಳಿದರು. ಅವರ ಮಾತೇ ಸರಿ. ವ್ಯಾಪಾರಿಯಾದವನು ಕಿರ್ದಿಯಲ್ಲಿ ತಪ್ಪಾದರೆ ಗೀಚಿ ಅಳಿಸುವುದಿಲ್ಲ, ಹಾಳೆ ಹರಿಯುವುದಿಲ್ಲ. ಬೇರೆ ಬಾಬು ಬರೆದು ಸರಿಪಡಿಸುತ್ತಾನೆ. ನಾನೂ ಹಾಗೆಯೇ "ಮೊದಲು ಹೀಗೆ ಬರೆದಿದ್ದೆ, ಇಂಥ ದಿನ ತಿದ್ದಿದೆ" ಎಂದು ಸೇರಿಸಿದೆ.

ತೋಟ ಇಡುವವರು ಟಿಪ್ಪಣಿಯ ತಲೆಯ ಮೇಲೆ ಅದು ಸಸಿಯೋ, ಗಿಡವೋ, ಬೇರೂರಿದ ಮರವೋ ಎಂದು ಗುರುತು ಹಾಕುವ ರೂಢಿಯಿದೆ. ಸಸಿ ಎಂದರೆ ಕೇಳಿದ ಮಾತು, ಇನ್ನೂ ಪರೀಕ್ಷಿಸಿಲ್ಲ. ಮರ ಎಂದರೆ ನಾಲ್ಕು ಕಡೆ ವಿಚಾರಿಸಿ ಖಾತ್ರಿಯಾದದ್ದು. ಇದು ಬಹಳ ಪ್ರಾಮಾಣಿಕ ಪದ್ಧತಿ. ನನ್ನ ತೋಟದಲ್ಲಿ ಇಂದು 412 ಟಿಪ್ಪಣಿಗಳಿವೆ. ಅವುಗಳಲ್ಲಿ ಮರವಾದವು ಐವತ್ತೂ ಇಲ್ಲ.

ನಾನು ಮಾಡಿದ ತಪ್ಪು

ಈಗ ಹೇಳಲು ಕಷ್ಟವಾದ ಮಾತು. 1972ರ ಬರದಲ್ಲಿ ನಾನು ಹನ್ನೊಂದು ವರ್ಷದವನು. ಜನ ರಸ್ತೆಯ ಕೆಲಸದಲ್ಲಿ ಖಡಿ ಒಡೆದದ್ದು, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ, ಮಕ್ಕಳಿಗೆ ಹಂಚಿದ ಸುಕಡಿ, ಇವೆಲ್ಲ ಕಣ್ಣಿಗೆ ಕಟ್ಟಿದಂತಿವೆ. ಆ ಟಿಪ್ಪಣಿ ತುಂಬ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು. ಹೊಗಳಿಕೆಗೆ ಉಬ್ಬಿ ತಂದೆಯವರ ವಹಿಯಿಂದ ಇನ್ನಷ್ಟು ತೆಗೆದು ಹಾಕಿದೆ. ಅದರಲ್ಲಿ ಹತ್ತಿರದ ಹಳ್ಳಿಯ ಒಬ್ಬ ತಾಯಿ ಎರಡು ಚೀಲ ಜೋಳಕ್ಕೆ ತನ್ನ ಬುಗುಡಿ ಒತ್ತೆ ಇಟ್ಟ ಬಾಬೂ ಇತ್ತು. ಹೆಸರು ಸಹಿತ ಹಾಕಿದೆ.

ಆರು ತಿಂಗಳ ಮೇಲೆ ಆ ತಾಯಿಯ ಮಗ ಅಂಗಡಿಗೆ ಬಂದ. ಪುಣೆಯಲ್ಲಿ ನೌಕರಿ, ಗೃಹಸ್ಥ. ಮೊಬೈಲನ್ನು ತಕ್ಕಡಿಯ ಪಕ್ಕದಲ್ಲಿಟ್ಟು ಶಾಂತವಾಗಿ ಹೇಳಿದ: "ಕಾಕಾ, ನೀವು ಬರದದ್ದು ಖರೆ ಐತಿ. ಆದ್ರ ಅದು ನಮ್ಮವ್ವನ ಮಾತು. ನಿಮ್ಮದಲ್ಲ."

ನನಗೆ ಉತ್ತರ ಬರಲಿಲ್ಲ. ಯಾವ ಮರ್ಯಾದಸ್ಥ ವ್ಯಾಪಾರಿ ಗಿರಾಕಿಯ ಬಾಕಿಯನ್ನು ಅಂಗಡಿಯ ಬಾಗಿಲಿಗೆ ಬರೆದು ಹಚ್ಚುತ್ತಾನೆ? ಐವತ್ತು ವರ್ಷ ಮಾಡದ ಕೆಲಸವನ್ನು ಇಂಟರ್ನೆಟ್ಟಿನಲ್ಲಿ ಮಾಡಿದ್ದೆ. ಅಂದೇ ಅದನ್ನು ತೆಗೆಸಿದೆ. ಆದರೆ ಒಮ್ಮೆ ಹೊರಗೆ ಹಾಕಿದ್ದರ ಪ್ರತಿ ಎಲ್ಲೆಲ್ಲಿ ಉಳಿದಿರುತ್ತದೋ ಹೇಳಲಾಗದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಆ ಹಳ್ಳಿಗೆ ಹೋದೆ. ಎಂಬತ್ತು ದಾಟಿದ ಆ ತಾಯಿ ಕಟ್ಟೆಯ ಮೇಲೆ ಕುಳಿತಿದ್ದರು. ಕೈಮುಗಿದು ಕ್ಷಮೆ ಕೇಳಿದೆ. ಕ್ಷಮಾವಣಿಯ ದಿನ ವರ್ಷವರ್ಷವೂ ಬಾಯಿತುಂಬ ಹೇಳುವ ಮಾತು ಅಂದು ಗಂಟಲಲ್ಲಿ ಸಿಕ್ಕಿತು. ಅವರು ಸಿಟ್ಟಾಗಲಿಲ್ಲ. ಇಷ್ಟೇ ಹೇಳಿದರು: "ಬುಗುಡಿ ಇಟ್ಟದ್ದು ಬರದಿ ತಮ್ಮಾ. ಅದನ್ನ ಬಿಡಿಸಿಕೊಳ್ಳಾಕ ನಮಗ ಏಳು ವರ್ಷ ಹಿಡೀತು. ಅದನ್ನೂ ಬರದೀಯೇನ?"

ನಾನು ಬರೆದಿರಲಿಲ್ಲ. ಬಡ್ಡಿಯ ಲೆಕ್ಕ ನಮ್ಮ ವಹಿಯಲ್ಲೇ ಇತ್ತು, ಕಣ್ಣಿಗೆ ಬಿದ್ದಿತ್ತು, ಬಿಟ್ಟಿದ್ದೆ. ಪರರ ಕಷ್ಟ ಬರೆಯಲು ಕೈ ಓಡಿತು, ನಮ್ಮ ಮನೆಯ ಬಡ್ಡಿ ಬರೆಯಲು ಓಡಲಿಲ್ಲ. ಈಗ ಅವರ ಒಪ್ಪಿಗೆಯಿಂದ, ಅವರ ಹೆಸರಾಗಲಿ ಊರಾಗಲಿ ಇಲ್ಲದೆ, ಆ ಟಿಪ್ಪಣಿಯಲ್ಲಿ ಒಂದು ಸಾಲಿದೆ: ಬರದಲ್ಲಿ ನಮ್ಮ ಅಂಗಡಿಯಲ್ಲಿ ಒತ್ತೆ ಇಟ್ಟ ಒಡವೆ ಬಿಡಿಸಿಕೊಳ್ಳಲು ಏಳು ವರ್ಷ ಹಿಡಿದದ್ದುಂಟು. ನಮ್ಮ ಅಂಗಡಿ ಎಂಬ ಮಾತು ಮಾತ್ರ ಹಾಗೇ ಇದೆ. ಅದು ಇರಬೇಕು.

ಆರಂಭಿಸುವವರಿಗೆ ನಾಲ್ಕು ಮಾತು

ಅನುಭವದಿಂದ ತಿಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

1) ಒಂದು ಟಿಪ್ಪಣಿಗೆ ಒಂದೇ ವಿಷಯ. ಹೆಸರು ಹುಡುಕಲು ಸುಲಭವಾಗಿರಲಿ. ಮೊದಲು ಹತ್ತು ಟಿಪ್ಪಣಿ ಸಾಕು.

2) ಪ್ರತಿ ಹೊಸ ಟಿಪ್ಪಣಿಯಿಂದ ಹಳೆಯದೊಂದಕ್ಕಾದರೂ ಕೊಂಡಿ ಇರಲಿ. 2020ರಲ್ಲಿ ಬಂದ ಅಬ್ಸಿಡಿಯನ್ ಎಂಬ ತಂತ್ರಾಂಶದಲ್ಲಿ ಎರಡೆರಡು ಚೌಕ ಕಂಸಗಳ ನಡುವೆ ಇನ್ನೊಂದು ಟಿಪ್ಪಣಿಯ ಹೆಸರು ಬರೆದರೆ ಕೊಂಡಿಯಾಗುತ್ತದೆ. ಒಂದು ಟಿಪ್ಪಣಿಯನ್ನು ಬೇರೆ ಯಾವ ಟಿಪ್ಪಣಿಗಳು ಕರೆದಿವೆ ಎಂಬ ಪಟ್ಟಿಯನ್ನೂ ಅದು ತೋರಿಸುತ್ತದೆ. 2004ರಿಂದ ಇರುವ ಟಿಡ್ಲಿವಿಕಿಯಲ್ಲಿ ಇಡೀ ತೋಟ ಒಂದೇ ಫೈಲಿನಲ್ಲಿ ಕೂಡುತ್ತದೆ.

3) ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಎಷ್ಟೋ ಬರಹ ಈಗ ಬೇರೆ ಕಂಪ್ಯೂಟರಿನಲ್ಲಿ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ.

4) ಮೂಲಪ್ರತಿ ನಿಮ್ಮ ಮನೆಯಲ್ಲಿರಲಿ. ಜಿಯೋಸಿಟೀಸ್ ಎಂಬ ತಾಣದಲ್ಲಿ ಅಸಂಖ್ಯ ಜನ ತಮ್ಮ ಪುಟ ಇಟ್ಟಿದ್ದರು. ಅಮೆರಿಕದಲ್ಲಿ ಅದು 2009ರಲ್ಲಿ ಮುಚ್ಚಿತು. ಪರರ ಗೋದಾಮಿನಲ್ಲಿಟ್ಟ ಸರಕಿನ ಪಾವತಿ ಮಾತ್ರ ಕೈಯಲ್ಲಿದ್ದರೆ ಸಾಲದು.

5) ಬದುಕಿರುವವರ ಸಾಲ, ಕಾಯಿಲೆ, ಜಗಳ, ಸಂಬಂಧದ ಮಾತು ಅವರನ್ನು ಕೇಳದೆ ಹಾಕಬೇಡಿ. ಸತ್ಯವೆಂಬುದೊಂದೇ ಸಾಲದು. ಆ ಸತ್ಯ ಯಾರ ಸೊತ್ತು ಎಂದು ಮೊದಲು ವಿಚಾರಿಸಿ.

ಕೊನೆಗೆ

ಮೊಮ್ಮಗಳು ಈಗ ತಾನೂ ಟಿಪ್ಪಣಿ ಬರೆಯುತ್ತಾಳೆ, ಕನ್ನಡದಲ್ಲಿ. ಒತ್ತಕ್ಷರ ತಪ್ಪುತ್ತವೆ, ನಡುನಡುವೆ ಮರಾಠಿ ನುಸುಳುತ್ತದೆ. ಹೋದ ತಿಂಗಳು ನನ್ನ ಜೋಳದ ಟಿಪ್ಪಣಿಗೆ ಅವಳ ಅಜ್ಜಿಯ ಕಡಕ್ ರೊಟ್ಟಿಯ ಟಿಪ್ಪಣಿಯನ್ನು ಜೋಡಿಸಿದಳು. ಅದಕ್ಕಾಗಿ ಅಜ್ಜಿಯ ಹತ್ತಿರ ಕುಳಿತು ಒಂದು ಸಂಜೆಯೆಲ್ಲ ಕೇಳಿಕೊಂಡಳು. ಗಡಿಯಾಚೆ ಇರುವ ನಮ್ಮಂಥ ಕನ್ನಡ ಮನೆಗಳಲ್ಲಿ ಅಂಥ ಒಂದು ಸಂಜೆಯ ಬೆಲೆ ಏನೆಂದು ಈ ಪತ್ರಿಕೆಯ ವಾಚಕರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ತಂದೆಯವರ "ಹಿಂದಿನದು" ಇನ್ನೂ ಸಿಕ್ಕಿಲ್ಲ. ಆ ಕೊಂಡಿಯನ್ನು ತೆರೆದೇ ಇಟ್ಟಿದ್ದೇನೆ. ನಿಮ್ಮ ಅಟ್ಟದ ಮೇಲೂ ಒಂದು ಟ್ರಂಕು ಇರುತ್ತದೆ. ಈ ದೀಪಾವಳಿಗೆ ಹೊಸ ವಹಿ ಪೂಜೆ ಮಾಡುವ ಮುಂಚೆ ಹಳೆಯದೊಂದನ್ನು ಮಕ್ಕಳ ಮುಂದೆ ತೆರೆಯಿರಿ, ಹತ್ತು ಸಾಲು ಅವರಿಂದಲೇ ಓದಿಸಿರಿ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.